ಹೊಲಿಗೆ ಎರಡನೇ ಮಾಡ್ಯೂಲು ಸಾ

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎನ್ನುವವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ. ಅವರು ಯಾರೂ ಹಿಂದೂಪುರದಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟವರಲ್ಲ. ಮದುವೆಗಳು ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಸರೋಜ ತಂಗಿಯ ಬಾಣಂತನಕ್ಕೆಂದು ಕಲ್ಯಾಣದುರ್ಗಕ್ಕೆ ಹೊರಟುಹೋದಳು. ಹೊಲಿಯಲು ಜನ ಬೇಕಲ್ಲ? ಟೈಲರಿಂಗ್ ಸರ್ಟಿಫಿಕೇಟು ಹಿಡಿದು ಬಂದ ರೊದ್ದಂನ ಅನಿತಾಳನ್ನು ನಿಂತ ಕಾಲಲ್ಲೇ ಕೆಲಸಕ್ಕಿಟ್ಟುಕೊಂಡೆ. ದೊಡ್ಡ ಮೊಹರು ನೋಡಿದೆ, ಕೆಳಗಿನ ಸಣ್ಣ ಅಕ್ಷರ ಓದುವ ವ್ಯವಧಾನ ಯಾರಿಗಿತ್ತು?

ಗುರುವಾರ ಕತ್ತರಿಸಿ ಹೊಲಿಯಲಿ ಎಂದು ಅವಳಿಗೆ ಒಂದು ರೇಷ್ಮೆ ಬ್ಲೌಸಿನ ಬಟ್ಟೆ ಕೊಟ್ಟೆ. ಅದನ್ನು ಹೊಲಿಸಲು ಕೊಟ್ಟಿದ್ದ ಹುಡುಗಿಗೆ ಭಾನುವಾರವೇ ನಿಶ್ಚಿತಾರ್ಥ. ಅನಿತಾ ಎಷ್ಟು ಅಚ್ಚುಕಟ್ಟಾಗಿ ಕತ್ತರಿಸಿದಳೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಆಮೇಲೆ ತುಂಡುಗಳನ್ನು ಮಡಚಿ ನನ್ನ ಮುಂದಿಟ್ಟು ಸುಮ್ಮನೆ ಕೂತಳು.

“ಹೊಲಿಯಮ್ಮಾ” ಎಂದೆ.

“ಹೊಲಿಗೆ ಎರಡನೇ ಮಾಡ್ಯೂಲು ಸಾ. ಮುಂದಿನ ತಿಂಗ್ಳು ಕಲ್ಯಾಣದುರ್ಗದಾಗೆ ಹೇಳ್ಕೊಡ್ತಾರೆ. ನಂದು ಮೊದಲ್ನೇದು, ಕಟಿಂಗು ಅಷ್ಟೇಯ.”

ಮೈಯೆಲ್ಲ ಉರಿದುಹೋಯಿತು. ಅಲ್ಲ ಸ್ವಾಮಿ, ವಿದ್ಯೆಯೇನು ಹಲಸಿನ ಹಣ್ಣೇ, ಬಿಡಿಸಿ ಊರಿಗೊಂದು ತೊಳೆ ಹಂಚಲು? ನಾಳೆ ಡಾಕ್ಟರು ಹೊಟ್ಟೆ ಕೊಯ್ದು, ಹೊಲಿಗೆ ಮುಂದಿನ ಬ್ಯಾಚಿನಲ್ಲಿ ಅಂದರೆ ಏನು ಗತಿ? ಹೀಗೆಲ್ಲ ಕೂಗಾಡಿ, ನಾಳೆಯಿಂದ ಬರಬೇಡ ಎಂದೂ ಹೇಳಿಬಿಟ್ಟೆ.

ಅವಳ ಕಣ್ಣು ತುಂಬಿತು. “ಮನೆಯಾಗೆ ಕೂಸೈತೆ ಸಾ. ಒಂದು ವರ್ಸದ ಕೋರ್ಸು ಅಂದಿದ್ರೆ ನಾನು ಬಾಗ್ಲೇ ದಾಟ್ತಿರ್ಲಿಲ್ಲ. ಮೂರು ತಿಂಗ್ಳು ಅಂದ್ರು, ಕಲ್ತೆ. ಕೆಲ್ಸ ಸಿಕ್ತು ಅಂತ ನಮ್ಮತ್ತೆ ಎರಡನೇದುಕ್ಕೂ ಸರೇ ಅಂದವ್ಳೆ. ಈಗ ಬಿಡಿಸ್ಬುಟ್ರೆ ನಂದು ಇಷ್ಟಕ್ಕೇ ಮುಗೀತು.” ಮೂಗೊರೆಸಿಕೊಂಡು ಮತ್ತೆ ಹೇಳಿದಳು: “ಇದೊಂದು ನೀವು ಹೊಲ್ದು ತೋರ್ಸಿ ಸಾ, ನೋಡ್ಕೊಂಡೇ ಕಲ್ತ್ಕೋತೀನಿ.”

ನಮ್ಮ ಕಸುಬಿನಲ್ಲಿ ಕಟಿಂಗ್ ಮಾಸ್ಟರ್ ಮೆಷಿನ್ನಿನ ಮುಂದೆ ಕೂತರೆ ಮರ್ಯಾದೆಗೆ ಕಡಿಮೆ. ಇಪ್ಪತ್ತೆಂಟು ವರ್ಷ ನಾನು ಕತ್ತರಿಸಿದ್ದೇನೆ, ಸರೋಜ ಹೊಲಿದಿದ್ದಾಳೆ. ನಿಜ ಹೇಳುತ್ತೇನೆ, ಮೆಷಿನ್ನಿಗೆ ದಾರ ಪೋಣಿಸುವುದೂ ನನಗೆ ಬರುವುದಿಲ್ಲ.

ಸರೋಜಳಿಗೆ ಫೋನು ಮಾಡಿ, ಅರ್ಧಂಬರ್ಧ ಕಲಿಸುವ ಈ ಕಾಲವನ್ನು ಚೆನ್ನಾಗಿ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಬೆಳಿಗ್ಗೆ ಬಸ್ಸಿಗೆ ಬಟ್ಟೆ ಕೊಟ್ಟು ಆ ಹುಡುಗೀನ ಕಳ್ಸ್ರಿ. ಬ್ಲೌಸು ನಾ ಹೊಲ್ದು ಕೊಡ್ತೀನಿ, ಅವ್ಳಿಗೂ ಒಂದಿಷ್ಟು ತೋರುಸ್ತೀನಿ. ಕೆಲ್ಸದಿಂದ ಗಿಲ್ಸದಿಂದ ಬಿಡಿಸ್ಬ್ಯಾಡ್ರಿ. ಅವ್ಳದಾದ್ರೆ ಮುಂದಿನ ತಿಂಗ್ಳು ಎರಡನೇದು ಸುರುವಾಯ್ತದೆ. ನಿಮ್ದು ಯಾವಾಗ?”

ಶುಕ್ರವಾರ ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸಿನಲ್ಲಿ ಎರಡು ಟಿಕೆಟ್ ತೆಗೆದೆ. ಅನಿತಾಳಿಗೆ ದಾರಿ ಗೊತ್ತಿಲ್ಲ ಎಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಹೇಳಿದ್ದೇನೆ.