ಹೊಳೆವ್ವನ ಮನೆಗೆ ಸೋಮಲಿಂಗ

ತಪ್ಪೆಲ್ಲ ಚೀಲದ್ದು. ಒಂದೇ ಅಂಗಡಿಯಲ್ಲಿ ಕೊಂಡ ಒಂದೇ ಬಣ್ಣದ ಎರಡು ಕೈಚೀಲಗಳು ಬೆಳಗಾವಿಯ ಅನಗೋಳದ ಆ ಮನೆಯಲ್ಲಿ ಒಂದೇ ಮೊಳೆಗೆ ತೂಗುತ್ತಿದ್ದವು. ಒಂದರಲ್ಲಿ ಸಿದ್ದಕ್ಕ ಹಣ್ಣು, ಹೂವು, ಅರಿಷಿಣ ಕುಂಕುಮ, ಒಂದು ಡಬ್ಬಿ ಕುಂದಾ ಇಟ್ಟಿದ್ದಳು. ಇನ್ನೊಂದರಲ್ಲಿ ಅವಳ ಮಗ ಸೋಮಲಿಂಗ ದಾರಿಯಲ್ಲಿ ಓದಲು ಪುಸ್ತಕ ಇಟ್ಟಿದ್ದ. ಹೆಣ್ಣು ನೋಡಲು ಪಾರಿಶ್ವಾಡಕ್ಕೆ ಹೊರಟಿದ್ದರು.

ಸೋಮಲಿಂಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸ್ಟೋರ್ ಕೀಪರ್. ನೌಕರಿ ಇತ್ತು, ಸ್ವಂತ ಮನೆ ಇತ್ತು, ಎಲೆ ಅಡಿಕೆಯ ಚಟ ಕೂಡ ಇರಲಿಲ್ಲ. ಇದ್ದದ್ದು ಚರಿತ್ರೆಯ ಪುಸ್ತಕದ ಚಟ. ರಾಜರು ಗೆದ್ದ ಯುದ್ಧಗಳು ಅವನಿಗೆ ಬೇಡ. ಬರಗಾಲದಲ್ಲಿ ಊರಿಗೆ ಊರೇ ಕಾಣೆಯಾದದ್ದು, ಔತಣದ ಪಂಕ್ತಿಗೆ ವಿಷವಿಕ್ಕಿದ್ದು, ಪ್ಲೇಗಿನಲ್ಲಿ ಬೀಗ ಬಿದ್ದ ಮನೆಗಳು, ಹೀಗೆ ಎಲ್ಲರೂ ಮರೆತ ಕತ್ತಲೆಯ ಸಂಗತಿಗಳೇ ಬೇಕು. ಓದುತ್ತ ಓದುತ್ತ ಅವನ ಕಣ್ಣು ಎಲ್ಲೋ ತೇಲಿಹೋಗುತ್ತಿತ್ತು. ಬೋಲ್ಟು ಕೇಳಲು ಬಂದ ಕೆಲಸಗಾರ ಆ ಕಣ್ಣು ನೋಡಿ, "ಸ್ವಾಮ್ಯಾರು ಸಮಾಧ್ಯಾಗ ಅದಾರ" ಎಂದು ತಾನೇ ಎತ್ತಿಕೊಂಡು ಹೋಗುತ್ತಿದ್ದ.

ಇಂಥದೇ ಒಂದು ಪುಸ್ತಕ ತಾನೂ ಬರೆಯಬೇಕೆಂಬುದು ಅವನ ಕನಸು. ಖಡೇಬಜಾರದ ಪ್ರಕಾಶಕರೊಬ್ಬರು, "ಯಾರೂ ಬರೀಲಾರದ್ದು ಒಂದ ತಗೊಂಡ ಬರ್ರಿ, ನಾ ಅಚ್ಚ ಹಾಕತೇನಿ" ಎಂದಿದ್ದರು. ಅಂಥದು ಸಿಕ್ಕಿರಲಿಲ್ಲ. ಹೆಣ್ಣೂ ಸಿಕ್ಕಿರಲಿಲ್ಲ. ಹಿಂದಿನ ಸಲ ಹೆಣ್ಣಿನ ಮನೆಯಲ್ಲಿ ಶಿರಾ ತಿನ್ನುತ್ತ, ಹಿಂದೊಮ್ಮೆ ಯಾವುದೋ ಸಂಸ್ಥಾನದಲ್ಲಿ ಶಿರಾದೊಳಗೇ ಪಾಷಾಣ ಹಾಕಿದ್ದರೆಂದು ಅವನು ವಿವರಿಸಿದ್ದ. ಹುಡುಗಿಯ ತಂದೆ ತಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಿದ್ದರು.

"ಇವತ್ತೊಂದಿನ ಸತ್ತವರ ಸುದ್ದಿ ತಗೀಬ್ಯಾಡಪಾ ತಮ್ಮಾ" ಎಂದಳು ಸಿದ್ದಕ್ಕ.

"ಇಲ್ಲಬೇ ಯವ್ವಾ."

"ಇದ್ದವರ ಸುದ್ದೀನೂ ಬ್ಯಾಡ. ಸುಮ್ನ ಕುಂದ್ರು" ಎಂದ ಕಲ್ಲಯ್ಯ. ಅವನು ಪಕ್ಕದ ಮನೆಯವನು, ಈ ಸಂಬಂಧ ತಂದವನು. ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವನಿಗೇ ಗೊತ್ತಾಗಬೇಕು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸೋಮಲಿಂಗ ಪ್ಲೇಗಿನ ಅಧ್ಯಾಯ ತೆರೆದ. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿದ್ದರಂತೆ, ರೋಗ ಕಂಡ ಮನೆಗಳಿಗೆ ಗುರುತು ಬೀಳುತ್ತಿತ್ತಂತೆ. ತಲೆ ಎತ್ತಿ ನೋಡಿದರೆ ಹೊರಗೆ ಇಬ್ಬನಿ ಇನ್ನೂ ಆರದ ಹೊಲಗಳು. ನೋಡುತ್ತಿದ್ದಂತೆ ಆ ಮಬ್ಬಿನಲ್ಲಿ ಗುಡಿಸಲುಗಳು ಎದ್ದವು, ಒಲೆಗಳ ಹೊಗೆ ಎದ್ದಿತು, ಗಂಟುಮೂಟೆ ಹೊತ್ತವರು ಸದ್ದಿಲ್ಲದೆ ಬದುವಿನ ಮೇಲೆ ನಡೆದರು. ಖಾನಾಪುರದಲ್ಲಿ ಕಲ್ಲಯ್ಯ ರಟ್ಟೆ ಹಿಡಿದು ಅಲುಗಿಸಿದಾಗ ಸೋಮಲಿಂಗ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿ, ಆ ಗುಡಿಸಲುಗಳ ನಡುವಿನಿಂದಲೇ ಎಂಬಂತೆ ಇಳಿದ. ಒಂದೇ ಚೀಲ ಹಿಡಿದು ಇಳಿದ. ಇನ್ನೊಂದು ಚೀಲ, ಹಣ್ಣು ಹೂವು ಕುಂದಾ ಸಮೇತ, ಬಸ್ಸಿನೊಡನೆ ಮುಂದಕ್ಕೆ ಹೋಯಿತು.

ಇನ್ನೊಂದು ಬಸ್ಸು ಹಿಡಿದು ಮುಟ್ಟಿದ ಪಾರಿಶ್ವಾಡದಲ್ಲಿ ಹುಡುಗಿಯ ತಂದೆ ಭರಮಪ್ಪ ಬಾಗಿಲಲ್ಲೇ ನಿಂತಿದ್ದರು. "ಬರ್ರಿ, ಬರ್ರಿ, ಒಳಗ ಬರ್ರಿ. ಕುಂದರ್ರಿ." ಪಡಸಾಲೆಯ ತುಂಬ ನೆರೆಹೊರೆಯವರು ಆಗಲೇ ಕೂತುಬಿಟ್ಟಿದ್ದರು. ಮೂಲೆಯಲ್ಲಿ ಗೋಡೆಗೊರಗಿ ಹುಡುಗಿಯ ತಾಯಿಯ ತಾಯಿ ಸಾತವ್ವ, ತೊಂಬತ್ತರ ಆಸುಪಾಸು, ತೂಕಡಿಸುತ್ತಿದ್ದಳು. ಹುಡುಗಿಯ ತಾಯಿ ತಟ್ಟೆ ತಂದಳು. ಸಿದ್ದಕ್ಕ ಗತ್ತಿನಿಂದ ಚೀಲ ಕೊಟ್ಟಳು. ತಾಯಿ ಕೈ ಹಾಕಿ ಹೊರಗೆ ತೆಗೆದು ತಟ್ಟೆಯಲ್ಲಿಟ್ಟದ್ದು, ರಕ್ಷಾಪುಟದ ಮೇಲೆ ಹಲ್ಲು ಕಿರಿದ ತಲೆಬುರುಡೆ ಇದ್ದ ಪುಸ್ತಕ.

ತಲೆಬುರುಡೆಯೊಂದೇ ಎಲ್ಲರನ್ನೂ ನೋಡಿ ನಗುತ್ತಿತ್ತು.

"ಹುಡುಗ ಓದೂದು ಬಾಳ" ಎಂದ ಕಲ್ಲಯ್ಯ.

"ಡಾಕ್ಟರಕಿ ಮಾಡ್ಯಾರೇನ್ರಿ?" ಎಂದರು ಪಕ್ಕದ ಮನೆಯ ಹುಸೇನಸಾಬರು.

ಸಿದ್ದಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. ಭರಮಪ್ಪ ಪುಸ್ತಕದ ಮೇಲೆ ಟವೆಲು ಹೊದಿಸಿ, "ಇರಲಿ, ಹುಡುಗಿ ಚಹಾ ತರ್ತಾಳ" ಎಂದರು. ಪ್ರಮಿಳಾ ಬಂದಳು, ಕಪ್ಪು ಕೊಟ್ಟಳು, ಎದುರಿಗೆ ಕೂತಳು. ಕಪ್ಪು ಹಿಡಿದ ಸೋಮಲಿಂಗನ ಕಣ್ಣು ಮಾತ್ರ ಅವಳ ತಲೆಯ ಮೇಲಿನಿಂದ ಹಾದು ನಡುಮನೆಯ ಬಾಗಿಲಿಗೆ ಅಂಟಿಕೊಂಡಿತ್ತು. ಮಾಸಿದ ಹಲಗೆಯ ಮೇಲೆ ಇಂಗ್ಲಿಷಿನ ಪಿ ಅಕ್ಷರ! ಪಕ್ಕದಲ್ಲಿ ಅಂಕಿಗಳು! ನೂರು ವರ್ಷ ಯಾರೂ ಒರೆಸದೆ ಉಳಿದ ಗುರುತು.

"ಹುಡುಗೀಗೆ ಏನರ ಕೇಳೂದಿದ್ರ ಕೇಳ್ರಿ" ಎಂದರು ಭರಮಪ್ಪ.

"ಈ ಮನ್ಯಾಗ ಯಾರ ಸತ್ತಿದ್ರು?" ಎಂದ ಸೋಮಲಿಂಗ.

ಸಿದ್ದಕ್ಕ ಕಣ್ಣು ಮುಚ್ಚಿದಳು.

"ಆ ಗುರುತು ಪ್ಲೇಗಿನ ಕಾಲದ್ದಲ್ಲೇನ್ರಿ?"

ಹುಸೇನಸಾಬರು ತಿರುಗಿ ಬಾಗಿಲು ನೋಡಿದರು. "ಅದು ಪೋಲಿಯೋದ್ದರೀ ಸಾಹೇಬ್ರ. ಹ್ವಾದ ಆಯಿತ್ವಾರ ನರ್ಸಬಾಯಿ ಬಂದು, ನನ್ನ ಮೊಮ್ಮಗಳು ಶೈಸ್ತಾ ಇಲ್ಲೇ ಆಡಾಕ ಹತ್ತಿದ್ಲು, ಬಾಯಾಗ ಎರಡ ಹನಿ ಹಾಕಿ ಬರದು ಹ್ವಾದ್ಲು."

ಪಡಸಾಲೆ ಗೊಳ್ಳೆಂದಿತು. ಕಲ್ಲಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. ತಾನು ನಗುವವರ ಕಡೆಯವನೆಂದು ತೋರಿಸಿಕೊಳ್ಳುವುದು ಅವನಿಗೆ ಅವಸರವಾಗಿತ್ತು. ಸೋಮಲಿಂಗ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಮುದುಡಿದ. ಆದರೆ ಇಷ್ಟೆಲ್ಲದರ ನಡುವೆ ಕಿವಿ ಮಂದವಾಗಿದ್ದ ಸಾತವ್ವನಿಗೆ ಒಂದೇ ಒಂದು ಮಾತು ಕೇಳಿಸಿತ್ತು. ಅವಳು ಕಣ್ಣು ಬಿಟ್ಟಳು.

"ಪ್ಲೇಗ ಅಂದ್ರ್ಯಾ? ಹೊಳೆವ್ವ ಬಂದ್ಲೇನು?"

ನಗು ನಿಂತಿತು. "ಆಯಿಗೆ ಅರಳು ಮರಳು" ಎಂದು ಭರಮಪ್ಪ ಎದ್ದರು. ಅಷ್ಟರಲ್ಲಿ ಸೋಮಲಿಂಗ ಮುದುಕಿಯ ಮುಂದೆ ಹೋಗಿ ನೆಲದ ಮೇಲೆ ಕೂತುಬಿಟ್ಟಿದ್ದ.

"ಹೊಳೆವ್ವ ಯಾರ್ರೀ ಆಯಿ?"

"ನಮ್ಮ ಚಿಗವ್ವ" ಎಂದಳು ಸಾತವ್ವ. "ನಾ ಆಗ ಹಿಂಗ ಇಷ್ಟಿದ್ದೆ. ಇಲಿ ಬಿದ್ದು ಊರೆಲ್ಲಾ ಹೊಲಕ್ಕ ಹೊಂಟಿತ್ತು. ಚಿಗವ್ವಗ ಬಗಲಾಗ ಪ್ಲೇಗಿನ ಗಡ್ಡಿ ಎದ್ದಿತ್ತು. ನಮ್ಮಪ್ಪ ಆಕೀನ್ನ ಅಡಗಿ ಮನ್ಯಾಗ ಕೂಡಿಸಿ, ಒಂದ ಕೊಡ ನೀರಿಟ್ಟು, ಸಂಜಿಗೆ ಬರ್ತೇವಿ ಅಂತ ಹೇಳಿ ಹೊರಗಿಂದ ಚಿಲಕಾ ಹಾಕಿದ."

"ಸಂಜಿಗೆ ಬಂದ್ರ್ಯಾ?"

"ಬ್ಯಾಸಿಗಿಗೆ ಬಂದ್ವಿ. ಸತ್ತಾಳಂತ ಆಕೀ ದಿವಸಾನೂ ಹೊಲದಾಗ ಮಾಡಿ ಮುಗಿಸಿದ್ದಿವಿ. ಕದಾ ತೆಗದ್ರ ಚಿಗವ್ವ ಕುಂತು ತಲಿ ಬಾಚ್ಕೋತಿದ್ಲು."

"ನಮ್ಮ ಮುತ್ತ್ಯಾ ಊರಾಗ ಉಳದಿದ್ದ" ಎಂದರು ಹುಸೇನಸಾಬರು ತಗ್ಗಿದ ದನಿಯಲ್ಲಿ. "ಬೆಳಕಿಂಡಿಯಾಗಿಂದ ಚರಗಿಗೆ ಹಗ್ಗಾ ಕಟ್ಟಿ ದಿನಾ ಅಂಬಲಿ ಇಳಸ್ತಿದ್ದ."

"ಆಮ್ಯಾಲ?"

"ಎದ್ಲು. ನನ್ನ ಗಲ್ಲಾ ಸವರಿದ್ಲು. ಹೊಳೀ ಕಡೆ ನಡಕೋತ ಹ್ವಾದ್ಲು. ಯಾರೂ ಕರೀಲಿಲ್ಲ" ಎಂದಳು ಸಾತವ್ವ.

ಸೋಮಲಿಂಗನಿಗೆ ಪಡಸಾಲೆ ಕರಗಿಹೋಯಿತು. ಬಿಸಿಲಿನಲ್ಲಿ ಹೊಳೆಯ ದಂಡೆ ಕಂಡಿತು, ಹಿಂದಿರುಗಿ ನೋಡದೆ ಹೋಗುವ ಹೆಂಗಸಿನ ಬೆನ್ನು ಕಂಡಿತು, ಬಾಚಿ ಕಟ್ಟಿದ ತುರುಬು ಕಂಡಿತು. ಅವಳು ದೂರವಾಗುತ್ತ ದೂರವಾಗುತ್ತ ಮರಳಿನ ಬೆಳಕಿನಲ್ಲಿ ಬೆರೆತಳು. ಅವನು ಕೇಳುತ್ತ ಹೋದ. ಯಾವ ಸೀರೆ ಉಟ್ಟಿದ್ದಳು, ಮುದುಕಿಯ ಅಪ್ಪ ಏನೆಂದ, ಆಮೇಲೆ ಆ ಒಲೆಯ ಮೇಲೆ ಅಡುಗೆ ಮಾಡಿದರೇ? ಮುದುಕಿ ಹೇಳುತ್ತ ಹೋದಳು. ನೆರೆಯವರು ಸುಮ್ಮನಿದ್ದಾರೆಯೇ? ಒಬ್ಬ, ಚಿಲಕ ಹಾಕಬೇಡವೆಂದು ತಮ್ಮಜ್ಜ ಆಗಲೇ ಹೇಳಿದ್ದ ಎಂದ. ಇನ್ನೊಬ್ಬ, ನಿಮ್ಮಜ್ಜನೇ ಚಿಲಕ ಹಿಡಿದಿದ್ದ ಎಂದ. ಮಾತಿಗೆ ಮಾತು ಬೆಳೆದು, ಇಬ್ಬರೂ ಎದ್ದು ಧೋತರ ಬಿಗಿದುಕೊಂಡರು. ಕಲ್ಲಯ್ಯ ಬಿಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಪ್ರಮಿಳಾ ಕೂತಿದ್ದ ಚಾಪೆ ಯಾವಾಗ ಖಾಲಿಯಾಯಿತೋ ಸೋಮಲಿಂಗನಿಗೆ ತಿಳಿಯಲಿಲ್ಲ.

ಭುಜದ ಮೇಲೆ ಕೈ ಬಿತ್ತು. ಭರಮಪ್ಪ. "ಸ್ವಲ್ಪ ಹಿತ್ತಲದಾಗ ಬರ್ರಿ."

ಬಡಿಯುತ್ತಾರೆ ಎಂದುಕೊಂಡ ಸೋಮಲಿಂಗ. ಬಡಿದರೂ ಬಡಿಯಲಿ. ಎಂಬತ್ತು ವರ್ಷ ಯಾರೂ ಬರೆಯದ ಸಂಗತಿ ಸಿಕ್ಕಿತ್ತು.

ಹಿತ್ತಲಿನಲ್ಲಿ ಭರಮಪ್ಪ ಒಂದು ಕಲ್ಲಿನ ಮೇಲೆ ಕೂತರು. "ಬರೀಬೇಕಂತ ಮಾಡೀರೇನು?"

"ಹೌದ್ರಿ" ಎಂದ ಸೋಮಲಿಂಗ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಚಿಲಕಾ ಹಾಕಿದಾವ್ರು ಈ ಮನ್ಯಾವ್ರು. ಊರಿಗೆ ಗೊತ್ತೈತಿ, ಊರು ಹೊರಗ ಹೇಳೂದಿಲ್ಲ. ಪುಸ್ತಕಾದ್ರ ಬೆಳಗಾವಿ ಮಂದೀ ಬಾಯಾಗ ಬರತೈತಿ." ಅವರು ನೆಲದ ಮೇಲಿದ್ದ ಒಂದು ಕಡ್ಡಿ ಎತ್ತಿ ಮುರಿದರು. "ಹುಡುಗಿ ಒಪ್ಪ್ಯಾಳ. ಎಷ್ಟೋ ಮಂದಿ ನೋಡಾಕ ಬಂದ್ರು, ಆಯಿ ಮಾತು ಕಡೀತನಾ ಕೇಳಿದಾವ ಇವನೊಬ್ಬ ಅಂದ್ಲು. ನಿಮ್ಮ ತಾಯಾರೂ ಒಪ್ಪಿ ಸಕ್ಕರಿ ತಿಂದ್ರು. ಇನ್ನ ನೀವು ಅಳಿಯಾಂದ್ರು. ಮನೀ ಮಾತು ಮನೀ ಅಳಿಯಾ ಹೊರಗ ಹಾಕಬಾರದು."

"ಆದ್ರ ಮಾವಾರ, ಇದು ಯಾರಿಗೂ ಗೊತ್ತಿಲ್ಲದ ಚರಿತ್ರಾ. ಒಬ್ಬರರ ಬರದಿಡಬೇಕಲ್ಲ? ಇಷ್ಟ ವರ್ಷ ಯಾರೂ ಯಾಕ ಬರೀಲಿಲ್ಲ?"

ಭರಮಪ್ಪ ನಕ್ಕರು. ಬೆಳಗಿನಿಂದ ಮೊದಲ ಸಲ ನಕ್ಕರು.

"ನಾ ಈ ಊರಾಂವ ಅಲ್ಲ. ಬೈಲಹೊಂಗಲದಾಂವ. ವಾರಪತ್ರಿಕಾದಾಗ ಬರೀತಿದ್ದೆ. ಇದ ಹೊಳೆವ್ವನ ಸುದ್ದಿ ಕೇಳಾಕ ಸೈಕಲ್ ಹೊಡಕೊಂಡು ಬಂದಿದ್ದೆ. ನಮ್ಮ ಮಾವಾರು ನನ್ನ ಇದ ಹಿತ್ತಲಕ್ಕ ಕರದ್ರು. ಅವರೂ ಕನ್ನಡ ಸಾಲಿ ಮಾಸ್ತರು, ಈ ಊರಿಗೆ ವರ್ಗಾ ಆಗಿ ಬಂದು ಇದನ್ನ ಕೇಳಾಕ ಹತ್ತಿ, ಈ ಮನೀ ಅಳಿಯಾ ಆದ್ರಂತ." ಅವರು ಎದ್ದು ಧೋತರದ ಮಣ್ಣು ಕೊಡವಿಕೊಂಡರು. "ಹೊಸದಾಗ ಬರೀಬೇಕಂತ ಕೈ ಬಾಳ ತುರಸತೈತಿ. ಆಮ್ಯಾಲ ರೂಢಿ ಆಗತೈತಿ."

ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಾಲ್ವರು ಹುಡುಗಿಯರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ನಾಲ್ವರೂ ಮುಸಿಮುಸಿ ನಗುತ್ತಿದ್ದರು. "ಹೋಗಿ ಬರ್ತೇನಿ ಅಂತ ಹೇಳಪಾ ಪ್ರಮಿಳಾಗ" ಎಂದು ಸಿದ್ದಕ್ಕ ಮೊಣಕೈಯಿಂದ ತಿವಿದಳು.

ಸೋಮಲಿಂಗ ನಾಲ್ಕು ಮುಖಗಳನ್ನೂ ಒಂದೊಂದಾಗಿ ನೋಡಿದ. ಹೊಳೆವ್ವನ ತುರುಬು ಅವನಿಗೆ ಚೆನ್ನಾಗಿ ನೆನಪಿತ್ತು. ಈ ನಾಲ್ವರಲ್ಲಿ ಚಹಾ ಕೊಟ್ಟವಳು ಯಾರೆಂಬುದು ಎಷ್ಟು ನೋಡಿದರೂ ಹೊಳೆಯಲಿಲ್ಲ. ಯಾರನ್ನು ಕೇಳುವುದು? ಕೊನೆಗೆ ಅವನು ಎರಡೂ ಕೈ ಜೋಡಿಸಿ, ಬಲತುದಿಯಿಂದ ಎಡತುದಿಯವರೆಗೆ, ಎಲ್ಲರಿಗೂ ಸಮನಾಗಿ ನಮಸ್ಕಾರ ಮಾಡಿದ.