ಓಲಾಟ ನಿಲ್ಲಿಸುವ ಕಂಬಿ

ನಮ್ಮ ಭಾವನಿಗೆ ತಲೆಯಿಲ್ಲ ಎಂದು ನಾನೆಂದೂ ಹೇಳಿದವನಲ್ಲ. ಹಾಗೆ ಹೇಳುವ ಹಕ್ಕು ನಮ್ಮ ಅಕ್ಕನದು. ನನ್ನ ಪ್ರಕಾರ ಅವರಿಗೆ ತಲೆ ಎರಡಿವೆ. ಒಂದು ಯೋಚಿಸಿ ಮುಗಿಸುವುದರೊಳಗೆ ಇನ್ನೊಂದು ಕೆಲಸ ಶುರು ಮಾಡಿಬಿಟ್ಟಿರುತ್ತದೆ! ನಡುವೆ ಸಿಕ್ಕಿಕೊಂಡ ನನ್ನಂಥವನಿಗೆ ಇರುವ ಒಂದು ತಲೆಯೂ ಕೆಟ್ಟುಹೋಗುತ್ತದೆ.

ನೀವೇ ನೋಡಿ. ದಿನ ಬಿಟ್ಟು ದಿನ ಮದ್ದೂರಿಗೆ ಹೋಗಿಬರುವ ಮನುಷ್ಯ ಇದುವರೆಗೆ ಅಲ್ಲಿ ಒಂದು ವಡೆ ತಿಂದಿಲ್ಲ. ಎಲ್ಲರೂ ತಿನ್ನುತ್ತಾರಲ್ಲ, ತಾವು ತಿನ್ನದಿರಲು ಅಷ್ಟು ಕಾರಣ ಸಾಕಂತೆ. ಬೆಳಕವಾಡಿ ಹತ್ತಿರದ ತಮ್ಮ ಊರಿನಿಂದ ಎಳನೀರು ತುಂಬಿಕೊಂಡು ಹೋಗಲು ಅವರ ಬಳಿ ಒಂದು ಪುಟ್ಟ ಪಿಕಪ್ ಗಾಡಿಯಿದೆ. ಅದಕ್ಕೆ ವಾರಕ್ಕೊಮ್ಮೆ ಸೀಗೆಪುಡಿ ಹಾಕಿ ಅಭ್ಯಂಜನ. ಸೋಪು ಹಾಕಿದರೆ ಬಣ್ಣ ಬಿಳಿಚಿಕೊಳ್ಳುತ್ತದೆಂಬುದು ಅವರ ಸಂಶೋಧನೆ. ಬೆಳಿಗ್ಗೆ ಕೀಲಿ ತಿರುಗಿಸುವ ಮುಂಚೆ ಸ್ಟೇರಿಂಗ್ ಮುಟ್ಟಿ, 'ಒರಡೋಣ್ವಾ ಸಾಮಿ' ಎಂದು ಗಾಡಿಯ ಅನುಮತಿ ಕೇಳುತ್ತಾರೆ. ಗಾಡಿಗೆ ಸ್ವಾಮಿ. ಮಂಡ್ಯದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಹೆಂಡತಿಯ ತಮ್ಮನಿಗೆ ಲೇ!

ಆ ಗಾಡಿಯ ಎಡಗಡೆಯ ಸೀಟು ಅಕ್ಕನದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವವಳು ಅವಳೇ. ಭಾವ ಬರೀ ಗಾಡಿ ಓಡಿಸುವವರು. ಆದರೆ ವಿಷಯ ಅದಲ್ಲ. ಮನೆಯಲ್ಲಿ ಈ ದಂಪತಿ ನೆಟ್ಟಗೆ ನಾಲ್ಕು ಮಾತಾಡಿದ್ದನ್ನು ನಾನು ಕಂಡವನಲ್ಲ. ಅವರಿಗೆ ದನ, ಇವಳಿಗೆ ಒಲೆ. ಮಾತೆಲ್ಲ ಗಾಡಿಯಲ್ಲೇ. ಮಗಳಿಗೆ ಎಲ್ಲಿ ಗಂಡು ನೋಡುವುದು, ಕೊಟ್ಟಿಗೆಗೆ ಶೀಟು ಹಾಕಿಸುವುದೋ ಹೆಂಚು ಹೊದಿಸುವುದೋ, ಎಲ್ಲ ತೀರ್ಮಾನವೂ ಮಳವಳ್ಳಿಗೂ ಮದ್ದೂರಿಗೂ ನಡುವೆ ಆಗಿದ್ದು. ಕೆ.ಎಂ. ದೊಡ್ಡಿ ದಾಟುವಷ್ಟರಲ್ಲಿ ಜಗಳ, ಮದ್ದೂರು ತಲುಪುವಷ್ಟರಲ್ಲಿ ರಾಜಿ.

ಹೀಗಿರುವಾಗ ಅಕ್ಕನಿಗೆ ತಲೆಸುತ್ತು ಶುರುವಾಯಿತು. ಕಿವಿಯೊಳಗಿನ ಏನೋ ಒಂದು ದೋಷವಂತೆ. ಮಂಡ್ಯದ ಡಾಕ್ಟರು ಅವಳಿಗೆ ಮಾತ್ರೆ ಕೊಟ್ಟರು. ಗಾಡಿಗೆ ಯಾರು ಕೊಡಬೇಕು? ಎಳನೀರಿನ ಗೊನೆಗಳನ್ನು ಎತ್ತರಕ್ಕೆ ಒಟ್ಟಿಕೊಂಡ ಆ ಪಿಕಪ್ ತಿರುವು ಬಂದಾಗಲೆಲ್ಲ ಒಮ್ಮೆ ಎಡಕ್ಕೆ ವಾಲುತ್ತಿತ್ತು, ಅದು ಸಾಲದೆಂಬಂತೆ ಬಲಕ್ಕೂ ವಾಲುತ್ತಿತ್ತು. ಭಾವನೋ, ತಿರುವು ಬಂದರೆ ಇನ್ನಷ್ಟು ಉತ್ಸಾಹದಿಂದ ತುಳಿಯುವ ಆಸಾಮಿ. ಒಂದು ದಿನ ಅಕ್ಕ ನಡುದಾರಿಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡಳು.

ಭಾವ ಏನು ಮಾಡಿದರು ಗೊತ್ತೇ? ಬಸ್ಸಿನ ಹಿಂದೆಯೇ ಗಾಡಿ ಬಿಟ್ಟರು. ಬಸ್ಸು ನಿಂತಲ್ಲೆಲ್ಲ ನಿಂತರು, ಹೊರಟಾಗ ಹೊರಟರು. ಪ್ರತಿ ಸ್ಟಾಪಿನಲ್ಲೂ ತಲೆ ಹೊರಗೆ ಹಾಕಿ ಅಕ್ಕ ಕೂತ ಕಿಟಕಿ ನೋಡುವುದು, ಅಕ್ಕ ಆ ಕಡೆ ಮುಖ ತಿರುಗಿಸುವುದು. ಕಂಡಕ್ಟರು ಗಾಬರಿಯಾಗಿ ಯಾರಮ್ಮ ಅವನು ಎಂದು ಕೇಳಿದನಂತೆ. ಗೊತ್ತಿಲ್ಲ ಕಣಪ್ಪ, ನೋಡಿದ ಮುಖ ಅನ್ನಿಸುತ್ತೆ ಎಂದಳಂತೆ ಅಕ್ಕ.

ಮನೆಗೆ ಬಂದವಳು ಒಂದೇ ಮಾತು ಹೇಳಿದಳು. "ಈ ಗಾಡಿ ಓಲಾಡೋದು ನಿಲ್ಲೋಗಂಟ ನಾನು ಅತ್ತಾಕಿಲ್ಲ."

ನಿಧಾನವಾಗಿ ಓಡಿಸಿದರೆ ಮುಗಿಯಿತಲ್ಲ ಭಾವ ಎಂದೆ ನಾನು. ಇಡೀ ಊರೂ ಅದನ್ನೇ ಹೇಳಿತು. ನಿಧಾನಕ್ಕೆ ಹೋದರೆ ಮದ್ದೂರು ಸೇರುವ ಹೊತ್ತಿಗೆ ಎಳನೀರು ಕೊಬ್ಬರಿಯಾಗಿರುತ್ತದೆ ಎಂದರು ಭಾವ. ಮಳವಳ್ಳಿಯ ಮೆಕ್ಯಾನಿಕ್ ಮೇಸ್ತ್ರಿ, ಹಿಂದಿನ ಸ್ಪ್ರಿಂಗ್ ಪಟ್ಟೆಗೆ ಇನ್ನೊಂದು ಪ್ಲೇಟ್ ಸೇರಿಸೋಣ, ನಮ್ಮ ಕಡೆ ಎಲ್ಲರೂ ಅದನ್ನೇ ಮಾಡಿಸುವುದು ಎಂದ. ಅಲ್ಲಿಗೆ ಅವನ ಮಾತು ಬಿದ್ದುಹೋಯಿತು. ಎಲ್ಲರೂ ಮಾಡಿಸುವುದನ್ನು ಭಾವ ಮಾಡಿಸುತ್ತಾರೆಯೇ?

ಅವರು ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದರು. ಯಾವ ದೇಶದವನೋ, ಯಾವ ಭಾಷೆಯೋ, ನಮ್ಮದರಂಥದೇ ಪುಟ್ಟ ಪಿಕಪ್‌ನ ಅಡಿಯಲ್ಲಿ ಮಲಗಿ ಬಾಗಿದ ಕಂಬಿಯೊಂದನ್ನು ಬಿಗಿಯುತ್ತಿದ್ದ. ಅದರ ಹೆಸರು ಸ್ವೇ ಬಾರ್ ಅಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಭಾವ ವಿವರಿಸಿದರು.

"ಜೋಡೆತ್ತಿಗೆ ನೊಗ ಇದ್ದಂಗೆ ಕಣ್ಲಾ. ಒಂದ್ ಎತ್ತು ಕುಸುದ್ರೆ ಇನ್ನೊಂದು ಬುಡಾಕಿಲ್ಲ, ಎತ್ತಿ ಇಡೀತದೆ. ಈ ಕಡೆ ಚಕ್ರ, ಆ ಕಡೆ ಚಕ್ರ, ನಡೂವೆ ಕಂಬಿ. ಎರಡು ತುದೀನೂ ಚಾಸಿಗೆ ಬಿಗಿದ್ರೆ ಮುಗೀತು, ಗಾಡಿ ವಾಲಾಕಿಲ್ಲ."

ನಾನು ತಲೆಯಾಡಿಸಿದೆ. ನೊಗ ಅರ್ಥವಾಯಿತು, ಎತ್ತು ಅರ್ಥವಾಯಿತು, ಕಂಬಿ ಅರ್ಥವಾಗಲಿಲ್ಲ.

ಆ ಕಂಬಿ ಬಂದಿಳಿದದ್ದು ಮಂಡ್ಯದ ನಮ್ಮ ಮನೆಗೆ. ಹಳ್ಳಿಗೆ ಕೊರಿಯರಿನವರು ಬರುವುದಿಲ್ಲವೆಂದು ಭಾವ ನನ್ನನ್ನೂ ಕೇಳದೆ ನನ್ನ ವಿಳಾಸ ಕೊಟ್ಟಿದ್ದರು. ಎರಡೂ ಕೊನೆಯಲ್ಲಿ ಬಾಗಿದ, ಕೆಂಪು ಬಣ್ಣದ, ಎತ್ತಿದರೆ ಸೊಂಟ ಹಿಡಿಯುವಂಥ ಭಾರದ ವಸ್ತು. ಅದನ್ನು ಹೊತ್ತು ಮಳವಳ್ಳಿ ಬಸ್ಸು ಹತ್ತಿದೆನಲ್ಲ, ಪ್ರಯಾಣಿಕರಿಗೆ ದಾರಿಯುದ್ದಕ್ಕೂ ಅದೇ ಕೆಲಸವಾಯಿತು. ಒಬ್ಬರು ಬೋರ್‌ವೆಲ್ ಪಂಪಿನ ಹಿಡಿಕೆ ಎಂದರು. ಇನ್ನೊಬ್ಬರು ಗೇಟಿನ ಮೇಲಿನ ಕಮಾನು ಎಂದರು. ಅಜ್ಜಿಯೊಬ್ಬರು ತೊಟ್ಟಿಲು ಕಟ್ಟುವುದಕ್ಕಾ ಮಗ, ಯಾವಾಗ ಹೆರಿಗೆ ಎಂದು ವಿಚಾರಿಸಿದರು. ಕಂಡಕ್ಟರು ನನ್ನನ್ನೇ ಕೇಳಿದ. ಗೊತ್ತಿಲ್ಲಪ್ಪ ಎಂದೆ. ಏನೆಂದು ಗೊತ್ತಿಲ್ಲದೆ ಇಷ್ಟು ಭಾರ ಹೊರುವ ಮೇಷ್ಟ್ರನ್ನು ಅವನು ಕನಿಕರದಿಂದ ನೋಡಿದ.

ಕಂಬಿಯೇನೋ ಬಂತು, ಹಾಕಿಸುವಂತಿಲ್ಲ. ಆಷಾಢ! ಶ್ರಾವಣ ಬರಲಿ ಎಂದರು ಭಾವ. ಅಲ್ಲಿಯವರೆಗೆ ಅಕ್ಕ ಅದನ್ನು ಜಗಲಿಯ ಮೇಲೆ ಎರಡು ಗೂಟಕ್ಕೆ ಕಟ್ಟಿ ಬಟ್ಟೆ ಒಣಹಾಕಿದಳು. ಇಷ್ಟು ಗಟ್ಟಿಯಾದ ಬಟ್ಟೆ ಕಂಬಿ ತನ್ನ ಜೀವಮಾನದಲ್ಲೇ ಕಂಡಿಲ್ಲವೆಂದು ಹೊಗಳಿದಳು ಕೂಡ.

ಆ ಆಷಾಢದಲ್ಲಿ ಒಂದು ದಿನ ನಾನು ಭಾವನ ಜೊತೆ ಮದ್ದೂರಿಗೆ ಹೋಗಬೇಕಾಯಿತು. ಎಡಗಡೆಯ ಬಾಗಿಲಿಗೆ ಕೈ ಹಾಕಿದೆ. ಹಿಂದೆ ಹತ್ತು ಎಂದರು. ಸೀಟು ಖಾಲಿಯಿದೆಯಲ್ಲ ಭಾವ ಎಂದೆ. ಬುತ್ತಿ ಅದೆ ಎಂದರು. ನೋಡಿದರೆ ಹೌದು, ಅಕ್ಕನ ಸೀಟಿನಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿ ಕೂತಿದೆ, ಬೆಲ್ಟು ಬೇರೆ ಹಾಕಿಕೊಂಡು! ನಾನು ಎಳನೀರಿನ ಗೊನೆಗಳ ನಡುವೆ ಒರಗಿ, ಅತ್ತಿಂದಿತ್ತ ಓಲಾಡುತ್ತ ಮದ್ದೂರು ಸೇರಿದೆ. ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಕೇಳಿದ ಬೆಲೆಗೆ ಭಾವ ಹ್ಞೂಂ ಎಂದು ಕೊಟ್ಟು ಬಂದರು. ವಾಪಸು ಬರುವಾಗ ಗಾಡಿ ಖಾಲಿ. ಹಿಂದಿನ ಗಾಜಿನಿಂದ ನೋಡುತ್ತಿದ್ದೆ, ಅವರು ಒಮ್ಮೊಮ್ಮೆ ಎಡಕ್ಕೆ ತಿರುಗಿ ಏನೋ ಹೇಳುವವರಂತೆ ಬಾಯಿ ತೆರೆದು ಸುಮ್ಮನಾಗುತ್ತಿದ್ದರು. ಬುತ್ತಿಯ ಜೊತೆ ಎಷ್ಟು ಮಾತಾಡಲು ಸಾಧ್ಯ? ಪಾಪ ಅನ್ನಿಸಿತು ನನಗೆ.

ಅಂತೂ ಶ್ರಾವಣ ಬಂತು. ಒಣಗಿದ ಕಾಲುವೆಯೊಂದರ ಮೇಲೆ, ಆಚೆ ಒಂದು ಚಕ್ರ ಈಚೆ ಒಂದು ಚಕ್ರ ಬರುವ ಹಾಗೆ ಗಾಡಿ ನಿಲ್ಲಿಸಿ, ಮೇಸ್ತ್ರಿ ಕೆಳಗೆ ತೂರಿಕೊಂಡ. ಅಕ್ಕನ ಬಟ್ಟೆ ಕಂಬಿಗೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ ಆಯಿತು. ಕರೆಸಿದ್ದ ಅರ್ಚಕರು ತಡವಾಗಿ ಬಂದರು. ಅಷ್ಟರಲ್ಲಿ ಮೇಸ್ತ್ರಿ ಕಂಬಿಯ ನಡುಭಾಗವನ್ನು ಹಿಂದಿನ ಅಚ್ಚಿಗೆ ಕಚ್ಚಿಸಿಬಿಟ್ಟಿದ್ದ. ಮುಹೂರ್ತಕ್ಕೆ ಮೊದಲೇ ಕೈ ಹಾಕಿದರಲ್ಲ ಎಂದು ಭಾವ ಹೌಹಾರಿದರು. ಅರ್ಚಕರು ಸಮಾಧಾನ ಮಾಡಿದರು: ಅದು ಆರಂಭವಲ್ಲ, ಮದುವೆಗೆ ಚಪ್ಪರದ ಗೂಟ ನೆಟ್ಟಂತೆ, ಲೆಕ್ಕಕ್ಕಿಲ್ಲ.

ಇನ್ನು ಉಳಿದದ್ದು ಎರಡು ತುದಿ. ಆದರೆ ರಾಹುಕಾಲ ಹತ್ತಿರ ಬಂದಿತ್ತು. "ಮನೆ ಕಟ್ಟುವವರು ಮುಹೂರ್ತದಲ್ಲಿ ಒಂದು ಇಟ್ಟಿಗೆ ತಾನೇ ಇಡುವುದು? ಬಲತುದಿ ಬಿಗಿದುಬಿಡಿ, ಮಿಕ್ಕಿದ್ದು ಆಮೇಲೆ ಆಗುತ್ತೆ," ಎಂದರು ಅರ್ಚಕರು. ಸರಿ, ಬಲತುದಿ ಬಿಗಿದಾಯಿತು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟಾಯಿತು. ರಾಹುಕಾಲ ಬಂತು. ರಾಹುಕಾಲದಲ್ಲಿ ಸ್ಪ್ಯಾನರ್ ಹಿಡಿಯುವುದು ಭಾವನಿಗೆ ಒಗ್ಗದ ಮಾತು. ಎಲ್ಲರೂ ಊಟಕ್ಕೆ ಕೂತೆವು. ಹೋಳಿಗೆ ಬೇರೆ ಮಾಡಿದ್ದಳು ಅಕ್ಕ.

ಹೋಳಿಗೆ ತಿಂದವರ ಸ್ಥಿತಿ ನಿಮಗೆ ಗೊತ್ತಿದೆಯಲ್ಲ. ಭಾವ ಜಗಲಿಯ ಮೇಲೆ ಉರುಳಿಕೊಂಡರು. ಯಾವುದೋ ಕಬ್ಬಿನ ಲಾರಿ ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಫೋನು ಬಂದು ಮೇಸ್ತ್ರಿ ಎದ್ದು ಹೋದ. ನಾನು ಬಸ್ಸು ಹಿಡಿದೆ. ಎದ್ದ ಮೇಲೆ ಭಾವ ಬಿಗಿದುಕೊಳ್ಳುತ್ತಾರೆ ಎಂದು ಮೇಸ್ತ್ರಿ ತಿಳಿದ. ಎದ್ದ ಭಾವ, ಮೇಸ್ತ್ರಿ ಬಿಗಿದೇ ಹೋಗಿದ್ದಾನೆ ಎಂದು ತಿಳಿದರು. ಎಡತುದಿಯನ್ನು ಯಾರೂ ಕೇಳಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ ಎಂಬುದು ನೆನಪಿರಲಿ.

ಮುಂದಿನ ಭಾನುವಾರ ಪರೀಕ್ಷೆ. ಅಕ್ಕ ಅನುಮಾನಿಸುತ್ತಲೇ ಹತ್ತಿ ಕೂತಳು, ಸೆರಗಿನ ತುದಿಯಲ್ಲಿ ಮುನ್ನೆಚ್ಚರಿಕೆಗೆ ಒಂದು ನಿಂಬೆಹಣ್ಣು ಕಟ್ಟಿಕೊಂಡು. ನಾನು ಯಥಾಪ್ರಕಾರ ಎಳನೀರಿನ ಜೊತೆ. ಮೊದಲ ತಿರುವು ಬಂತು. ಕಣ್ಣು ಮುಚ್ಚಿಕೊಂಡೆ. ಗಾಡಿ ವಾಲಲಿಲ್ಲ! ಎರಡನೆಯದೂ ಹೋಯಿತು, ದೊಡ್ಡಿಯ ಹತ್ತಿರದ ದೊಡ್ಡ ತಿರುವೂ ಹೋಯಿತು, ಒಂದು ಗೊನೆ ಮಿಸುಕಲಿಲ್ಲ. ಗಾಜಿನೊಳಗೆ ಅಕ್ಕ ಆಗಲೇ ಕೈ ತಿರುಗಿಸಿ ಏನನ್ನೋ ಹೇಳುತ್ತಿದ್ದಳು, ಭಾವ ಹ್ಞೂಂಗುಟ್ಟುತ್ತಿದ್ದರು. ತಿಂಗಳುಗಟ್ಟಲೆ ಕೂಡಿಟ್ಟಿದ್ದ ಮಾತಿರಬೇಕು, ಮದ್ದೂರಿನವರೆಗೂ ಮುಗಿಯಲಿಲ್ಲ.

ಒಂದು ಸಂಗತಿ ಮಾತ್ರ ನನ್ನನ್ನು ಗೊಂದಲಕ್ಕೆ ಕೆಡವಿತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ಬಹಳ ದೂರದವರೆಗೆ ನಮ್ಮ ಜೊತೆಜೊತೆಗೇ ಬಂದರು. ಆಮೇಲೆ ಬೇಸರವಾಗಿಯೋ ಏನೋ ಮುಂದೆ ಹೋದರು. ಕಂಬಿ ಹಾಕಿದರೆ ಗಾಡಿ ಭಾರವಾಗಿ ನಿಧಾನವಾಗುತ್ತದೆಯೇ? ಇತಿಹಾಸ ಓದಿದವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಮದ್ದೂರು ಮಾರುಕಟ್ಟೆಯಲ್ಲಿ ಭಾವನದೇ ದರ್ಬಾರು. ಡ್ರೈವರುಗಳೆಲ್ಲ ಬಗ್ಗಿ ಬಗ್ಗಿ ಗಾಡಿಯ ಹೊಟ್ಟೆ ನೋಡಿ ತಲೆಯಾಡಿಸಿದರು. ಅರ್ಥವಾಗದವರೇ ಜೋರಾಗಿ ಆಡಿಸಿದರು. ನೊಗ, ಜೋಡೆತ್ತು, ಚಾಸಿ ಎಂದು ಭಾವ ಅವರಿಗೆಲ್ಲ ಪಾಠ ಹೇಳಿದರು. ಆ ಖುಷಿಯಲ್ಲಿ ವಡೆ ತಿನ್ನುತ್ತಾರೇನೋ ಎಂದು ಕಾದೆ. ತಿನ್ನಲಿಲ್ಲ.

ಗೌರಿ ಹಬ್ಬಕ್ಕೆ ಬಾಗಿನ ಕೊಡಲು ನಾನು ಮತ್ತೆ ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಜೇಬಿನಿಂದ ಮನೆಯ ಕೀಲಿ ಜಾರಿ ಗಾಡಿಯ ಅಡಿಗೆ ಹೋಯಿತು. ತೆಗೆಯಲು ಬೋರಲು ಮಲಗಿ ತಲೆ ತೂರಿಸಿದೆ. ಕೆಂಪು ಕಂಬಿ ಕಂಡಿತು. ಬಲತುದಿ ಬೋಲ್ಟು ಹಾಕಿ ಬಿಗಿದಿತ್ತು. ಎಡತುದಿಯಲ್ಲಿ ಬೋಲ್ಟಿಲ್ಲ, ನಟ್ಟಿಲ್ಲ. ಹಸಿರು ಸೀರೆಯ ತುಂಡೊಂದನ್ನು ಹುರಿಮಾಡಿ, ಕಂಬಿ ಜೋತಾಡದಂತೆ ಮೇಲಿನ ಕಬ್ಬಿಣಕ್ಕೆ ಬಿಗಿಯಾಗಿ ಕಟ್ಟಿತ್ತು. ಹುಲ್ಲಿನ ಹೊರೆಗೆ ನಮ್ಮವ್ವ ಹಾಕುತ್ತಿದ್ದ ಗಂಟು ಅದು. ಸೀರೆಯ ಗುರುತೂ ಸಿಕ್ಕಿತು. ಹೋದ ವರ್ಷ ಬಾಗಿನದ ಜೊತೆ ನಾನೇ ಕೊಟ್ಟಿದ್ದು! ಅಕ್ಕ ಅದನ್ನು ಉಟ್ಟಿದ್ದು ಒಮ್ಮೆಯೂ ಕಂಡಿರಲಿಲ್ಲ.

ಅಡುಗೆಮನೆಗೆ ಹೋಗಿ ಕೇಳಿದೆ. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಮೊದಲ್ನೇ ಭಾನುವಾರ್ವೇ ಕಡಕಡ ಅಂತಿತ್ತು ಕಣ್ಲಾ. ಮನೆಗ್ ಬಂದ್ಮೇಲೆ ಬಗ್ಗಿ ನೋಡ್ದೆ, ಒಂದ್ ಕಡೆ ಜೋತಾಡ್ತಿತ್ತು. ಕಟ್ಬುಟ್ಟೆ."

"ಒಂದು ತುದಿ ಬಿಗಿಯದಿದ್ದರೆ ಅದು ಇದ್ದೂ ಇಲ್ಲದ ಹಾಗೆ ಅಲ್ಲವೇನಕ್ಕ? ಮತ್ತೆ ಗಾಡಿ ಯಾಕೆ ಓಲಾಡಲ್ಲ?"

"ನಿಮ್ ಭಾವ ಮೊಟ್ಟೆ ಮಂಕ್ರಿ ಒತ್ಕಂಡೋದಂಗೆ ಓಡುಸ್ತಾರೆ, ಅದಕ್ಕೆ. ನಾನೆಲ್ಲಿ ತಿರ್ಗಾ ಇಳಿದ್ ಓಯ್ತೀನೋ ಅಂತ ಭಯ. ನೀ ಏಳ್ಬೇಡ. ಏಳುದ್ರೆ ಬಿಗಿಸ್ಬುಡ್ತಾರೆ, ಕಂಬಿ ಅದೆ ಅನ್ನೋ ಧೈರ್ಯದ ಮೇಲೆ ಮೊದಲ್ನಂಗೆ ಓಡುಸ್ತಾರೆ. ಈಗ್ಲೇ ಚಂದಾಗದೆ. ದಾರಿ ಉದ್ದ ಆಯ್ತದೆ, ಮಾತಾಡಾಕೆ ಒತ್ತು ಸಿಕ್ತದೆ."

ಮಾರನೆಯ ದಿನ ಮದ್ದೂರಿಗೆ ಹೊರಡಬೇಕು. ನಾನು ಅಲ್ಲಿಂದ ರೈಲು ಹಿಡಿದು ಮಂಡ್ಯಕ್ಕೆ. ಅಕ್ಕ ಒಳಗೆ ಸೀರೆ ಬದಲಿಸುತ್ತಿದ್ದಳು. ಭಾವ ನನ್ನನ್ನು ಗಾಡಿಯ ಎಡಗಡೆಗೆ ಕರೆದರು. ಸುತ್ತ ನೋಡಿ ಪಿಸುದನಿಯಲ್ಲಿ ಕೇಳಿದರು.

"ನಂಗೆ ಮಂಡಿ ಬಗ್ಗಾಕಿಲ್ಲ. ಒಸಿ ಮನೀಕಂಡು ನೋಡ್ಲಾ, ಆ ಗಂಟು ಏನಾರ ಸಡ್ಲ ಆಗ್ಬುಟ್ಟದಾ?"

ನಿಮಗೆ ಗೊತ್ತಾ ಭಾವ? ಗೊತ್ತಿದ್ದೂ ಬೋಲ್ಟು ಹಾಕಿಸಲಿಲ್ಲವಾ ಎಂದೆ. ಭಾವ ಗಾಡಿಯ ಬಾಗಿಲನ್ನು ಟವೆಲಿನಿಂದ ಒರೆಸಿದರು. ಅಕ್ಕನ ಕಡೆಯ ಬಾಗಿಲು.

"ಗಾಡಿ ತೊಳಿಯೋವಾಗ ಕಂಡ್ತು. ಬೋಲ್ಟು ಆಕ್ಬೇಕು ಅಂದ್ರೆ ಗಂಟು ಬಿಚ್ಬೇಕಲ್ಲ. ನಾ ಕಟ್ಟಿದ್ ಗಂಟ್ನ ಅವ್ಳು ಇಷ್ಟ್ ವರ್ಸ ಕತ್ನಾಗಿಟ್ಕಂಡವ್ಳೆ. ಅವ್ಳು ಕಟ್ಟಿರೋದು ಇದೊಂದು. ಬಿಚ್ಚಾಕೆ ಮನ್ಸ್ ಬರಾಕಿಲ್ಲ ಕಣ್ಲಾ."

ನಾನು ಅಡಿಗೆ ತೂರಿಕೊಂಡು ನೋಡಿದೆ. ಗಂಟು ಭದ್ರವಾಗಿತ್ತು. ಕಣ್ಣಿಗೆ ಧೂಳು ಬಿತ್ತು ಎಂದು ಹೇಳಿ ಅಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ.

ಅಷ್ಟರಲ್ಲಿ ಅಕ್ಕ ಬಂದು ತನ್ನ ಸೀಟಿನಲ್ಲಿ ಕೂತಳು. ಭಾವ ಸ್ಟೇರಿಂಗ್ ಮುಟ್ಟಿ ಗಾಡಿಯ ಅನುಮತಿ ಕೇಳಿದರು. ಹಿಂದೆ ಹತ್ತಲಾ ಎಂದು ನನಗೆ ಕೂಗಿದರು. ನಾನು ಎಳನೀರಿನ ಗೊನೆಗಳ ನಡುವೆ ಜಾಗ ಮಾಡಿಕೊಂಡು ಕೂತೆ. ಗಾಡಿ ಹೊರಟಿತು. ನನ್ನ ರೈಲು ತಪ್ಪುವುದು ಖಚಿತವಾಗಿತ್ತು, ಆದರೂ ಬೇಗ ಹೋಗಿ ಭಾವ ಎಂದು ನಾನು ಹೇಳಲಿಲ್ಲ.