ಪಂಚಾಕ್ಷರಯ್ಯನ ಉಷ್ಣೋದಕ ದಂಡಯಾತ್ರೆ

ಕೇಳಿರಿ, ಬೆಚ್ಚಗಿನ ನಾಡಿನಲ್ಲಿ ಕಾಲು ಚಾಚಿ ಕುಳಿತ ಸುಖಜೀವಿಗಳೇ! ಯಾವ ಯುಗದಲ್ಲಿ ಮಹಾರಥರು ಬಿಲ್ಲುಬತ್ತಳಿಕೆಗಳನ್ನು ಮೂಲೆಗೆಸೆದು ನಿವೃತ್ತಿಯ ನೆರಳಿನಲ್ಲಿ ಉಣ್ಣೆಯ ಕಾಲುಚೀಲ ತೊಟ್ಟು ಕುಳಿತರೋ, ಯಾವ ಯುಗದಲ್ಲಿ ರಣಭೇರಿಯ ಸದ್ದಡಗಿ ಮಾತ್ರೆಡಬ್ಬಿಯ ಗಲಗಲ ಮಾತ್ರ ಉಳಿಯಿತೋ, ಆ ಯುಗದ, ಆ ಶಿಶಿರ ಋತುವಿನ, ಜನವರಿಯ ಎರಡನೆಯ ಗುರುವಾರದ ಮಹಾಸಮರವನ್ನು ನಾನು ಹಾಡುತ್ತೇನೆ. ಶಾರದೆಯನ್ನು ಕರೆಯೋಣವೆಂದರೆ ಆ ಸಮರ ನಡೆದ ನಾಡಿನ ಚಳಿಗೆ ಆಕೆಯ ವೀಣೆಯ ತಂತಿ ಸಿಡಿದೀತೆಂಬ ಭಯ. ಆದ್ದರಿಂದ ನಮ್ಮ ಕಥಾನಾಯಕನ ಮನೆಯ ಬಾಗಿಲ ಹೊರಗೆ ತೂಗುಹಾಕಿದ್ದ ಉಷ್ಣಮಾಪಕಕ್ಕೇ ಕೈಮುಗಿದು ಆರಂಭಿಸುತ್ತೇನೆ. ಆ ಬೆಳಗ್ಗೆ ಅದು ಸೊನ್ನೆಗಿಂತ ಇಪ್ಪತ್ತಾರು ಮೆಟ್ಟಿಲು ಕೆಳಗಿತ್ತು.

ಸುಪೀರಿಯರ್ ಎಂಬ ಸಾಗರಸದೃಶ ಸರೋವರದ ಬಡಗಣಕ್ಕೆ, ಗಗನಚುಂಬಿ ಪೈನ್ ಮರಗಳ ನಡುವೆ, ಆರು ತಿಂಗಳು ಹಿಮ ಬೀಳುವ, ಉಳಿದ ಆರು ತಿಂಗಳು ಜನ ಹಿಮದ ವಿಷಯವನ್ನೇ ಮಾತಾಡುವ ಕಾಡೊಂದುಂಟು. ಅದರ ಅಂಚಿನ ಮರದ ಮನೆಯಲ್ಲಿ, ತಿಪಟೂರಿನಲ್ಲಿ ಜನಿಸಿ ಏಳು ಕಡಲುಗಳನ್ನು ದಾಟಿ ಬಂದವನೂ, ಆ ಸೀಮೆಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರುಗಳನ್ನು ಆಳಿದವನೂ, ಬಾಷ್ಪಬಲಭುಜಬಂಧುರನೂ, ಕೊಳವೆಕುಲಕಂಠೀರವನೂ, ಒತ್ತಡಮಾಪಕದ ಮುಳ್ಳಿನ ಕಂಪನಮಾತ್ರದಿಂದ ತ್ರಿಕಾಲವನ್ನೂ ಬಲ್ಲವನೂ ಆದ ಪಂಚಾಕ್ಷರಯ್ಯನೆಂಬ ವೀರನು ನಿವೃತ್ತನಾಗಿ ವಾಸವಾಗಿದ್ದನು. ವಯಸ್ಸು ಎಪ್ಪತ್ತಾರು. ರಾಜ್ಯ ಹೋಗಿ ಹನ್ನೊಂದು ವರ್ಷವಾಗಿದ್ದರೂ ದರ್ಪ ಹೋಗಿರಲಿಲ್ಲ. ಆಳಲು ಬಾಯ್ಲರುಗಳಿಲ್ಲದ ಕಾರಣ ಅಡುಗೆಮನೆಯ ಕುಕ್ಕರನ್ನು ಆಳುತ್ತಿದ್ದನು. ಮೂರನೆಯ ಸೀಟಿಗೆ ಸರಿಯಾಗಿ ಪತ್ರಿಕೆ ಕೆಳಗಿಟ್ಟು, ಕುಳಿತಲ್ಲಿಂದಲೇ "ಆರಿಸೇ!" ಎಂದು ಕೂಗುವುದು, ಅಷ್ಟೇ ಅವನ ಈಗಿನ ರಾಜ್ಯಭಾರ.

ಈ ವೀರನಿಗೆ ಒಂದೇ ಶಾಸ್ತ್ರ, ಒಂದೇ ಅಸ್ತ್ರ. ಅದು ಬಿಸಿನೀರು. ಗಂಟಲು ಕೆರೆದರೆ ಬಿಸಿನೀರು, ಮಂಡಿ ಹಿಡಿದರೆ ಬಿಸಿನೀರು, ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿದರೆ ಬಿಸಿನೀರು, ನಲ್ಲಿ ಕಟ್ಟಿಕೊಂಡರೆ ಬಿಸಿನೀರು. ಹುಟ್ಟಿದ ಮನೆಯಲ್ಲಿ ಬೆಳಗಾಗುತ್ತಲೇ ಬಚ್ಚಲೊಲೆಗೆ ಸೌದೆ ಒಟ್ಟಿ ಹಂಡೆ ಕಾಯಿಸುವುದನ್ನು ಕಂಡು ಬೆಳೆದವನು. ಆಮೇಲೆ ಹೊಟ್ಟೆಪಾಡಿಗೂ ಅದನ್ನೇ, ಸ್ವಲ್ಪ ದೊಡ್ಡ ಹಂಡೆಯಲ್ಲಿ, ಮಾಡಿದವನು. ಬಿಸಿನೀರಿಗೆ ಬಗ್ಗದ ಪದಾರ್ಥವನ್ನು ಬ್ರಹ್ಮನು ಸೃಷ್ಟಿಸಿಲ್ಲವೆಂದು ಅವನು ನಂಬಿದ್ದನು.

ಅವನ ಧರ್ಮಪತ್ನಿ ಸರ್ವಮಂಗಳೆ. ಸಹನೆಯಲ್ಲಿ ಭೂಮಿತಾಯಿ ಎಂದು ನನ್ನಂಥ ಗಾಯಕರು ಇಂಥವರನ್ನು ಹೊಗಳುವುದುಂಟು. ನಾನು ಹೊಗಳುವುದಿಲ್ಲ, ಆ ಸಹನೆಯನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ನಲವತ್ತಾರು ವರ್ಷ ಆಕೆ, ಓಡಿಸುವವನು ಎಡಕ್ಕೆ ಕೂರುವ ಆ ನಾಡಿನ ಕಾರಿನ ಬಲಸೀಟಿನಲ್ಲಿ ಮಡಿಲ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತು, ಪತಿ ಒಯ್ದಲ್ಲಿಗೆ ಹೋದಳು, ಕರೆತಂದಾಗ ಬಂದಳು. ಕಾರು ಕಲಿಯುತ್ತೇನೆ ಎಂದು ಕೇಳಿದಾಗಲೆಲ್ಲ ವೀರನ ಉತ್ತರ ಒಂದೇ ಆಗಿತ್ತು: "ನಾನಿದೀನಲ್ಲ."

ಕಳೆದ ಅಕ್ಟೋಬರಿನಲ್ಲಿ ವೀರನು ಇದ್ದೂ ಇಲ್ಲದಂತಾದನು. ಕಣ್ಣಿನ ಪರೀಕ್ಷೆಯಲ್ಲಿ ಗೋಡೆಯ ಮೇಲಿನ ಅಕ್ಷರಗಳು ಕಾಣದೆ, ಅವನ್ನು ಬರೆದವನಿಗೇ ಅಕ್ಷರ ಬರುವುದಿಲ್ಲವೆಂದು ವಾದಿಸಿ, ಲೈಸೆನ್ಸ್ ಕಳೆದುಕೊಂಡು ಬಂದನು. ಅಂಗಡಿ, ಆಸ್ಪತ್ರೆ, ಪುಸ್ತಕಾಲಯ ಎಲ್ಲವೂ ಇಪ್ಪತ್ತೆಂಟು ಮೈಲಿ ದೂರ. ಆಗ ಸರ್ವಮಂಗಳೆ ಯಾರನ್ನೂ ಕೇಳದೆ ಪಕ್ಕದ ಮನೆಯ ಹೆಲ್ಮಿಯ ಬಳಿಗೆ ಹೋದಳು. ಹೆಲ್ಮಿ ಎಂಬವಳು ಎಪ್ಪತ್ತೊಂಬತ್ತರ ವಿಧವೆ, ಫಿನ್ಲೆಂಡಿನಿಂದ ಬಂದ ಮರಕಡಿಯುವವರ ಮೊಮ್ಮಗಳು, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದವಳು. ಡಿಸೆಂಬರಿನಲ್ಲಿ ಮನೆಯ ಹತ್ತಿರದ ಕೆರೆ ಹೆಪ್ಪುಗಟ್ಟಿ ಲಾರಿಯ ಭಾರ ತಡೆಯುವಷ್ಟು ಗಟ್ಟಿಯಾಗುತ್ತಲೇ, ಗುದ್ದುವುದಕ್ಕೆ ಏನೂ ಇಲ್ಲದ ಆ ಹಿಮದ ಬಯಲಿನ ಮೇಲೆ ಆಕೆ ಸರ್ವಮಂಗಳೆಗೆ ಕಾರು ಕಲಿಸಿದಳು. ಆ ಗುರುವಾರ ಹನ್ನೊಂದು ಗಂಟೆಗೆ ಪಟ್ಟಣದಲ್ಲಿ ಪರೀಕ್ಷೆ. ಪರೀಕ್ಷಕ ಬರುವುದು ತಿಂಗಳಿಗೊಮ್ಮೆ. ಫೆಬ್ರವರಿಯ ಸರದಿಗಳೆಲ್ಲ ತುಂಬಿದ್ದವು. ಆವತ್ತು ತಪ್ಪಿದರೆ ಎಪ್ಪತ್ತು ವರ್ಷದ ಆಕೆ ಮಾರ್ಚಿನವರೆಗೆ ಕಾಯಬೇಕು.

ಇಂತಿರಲು ಅಂದು ಬೆಳಗ್ಗೆ ಏಳಕ್ಕೆ ಶತ್ರುವಿನ ಆಗಮನವಾಯಿತು. ಹಳದಿ ದೀಪಗಳನ್ನು ಗಿರಗಿರನೆ ತಿರುಗಿಸುತ್ತ, ಉಕ್ಕಿನ ಹಲಗೆಯಿಂದ ಭೂಮಂಡಲವನ್ನೇ ಹೆರೆಯುತ್ತ, ಹಿಮ ತಳ್ಳುವ ಸರ್ಕಾರಿ ಲಾರಿಯು ಹೆದ್ದಾರಿಯಲ್ಲಿ ಹಾದುಹೋಯಿತು. ಅದು ರಸ್ತೆಯನ್ನು ಚೊಕ್ಕ ಮಾಡಿತು; ರಸ್ತೆಯ ಹಿಮವನ್ನೆಲ್ಲ ಒಯ್ದು ಪಂಚಾಕ್ಷರಯ್ಯನ ಮನೆಯ ಹಾದಿ ಹೆದ್ದಾರಿಯನ್ನು ಸೇರುವ ಬಾಯಿಗೆ ಸರಿಯಾಗಿ ಅಡ್ಡಹಾಕಿ ಹೋಯಿತು. ಧವಳಗಿರಿಶಿಖರೋಪಮವಾದ, ದುರ್ಭೇದ್ಯವಾದ, ದಿಗ್ಗಜಗಳ ದಂತಗಳನ್ನೂ ಮುರಿಯಬಲ್ಲ ಆ ಹಿಮದುರ್ಗವು ಕಾರಿಗೂ ಲೋಕಕ್ಕೂ ನಡುವೆ ಎದ್ದುನಿಂತಿತು.

ಸರ್ವಮಂಗಳೆ ಕಿಟಕಿಯಿಂದ ನೋಡಿದಳು. "ರೀ, ದಾರಿ ಕಟ್ಕೊಂಡೋಯ್ತು ನೋಡಿ. ಹೆಲ್ಮಿಗೊಂದು ಫೋನ್ ಮಾಡ್ಲಾ? ಅವ್ಳ ಮಿಷನ್ ತಂದ್ರೆ ಹತ್ತು ನಿಮಿಷದ ಕೆಲ್ಸ."

ಆ ಮಿಷನ್ ಎಂಬುದು ಹಿಮವನ್ನು ನುಂಗಿ ದೂರಕ್ಕೆ ಉಗುಳುವ ಕೆಂಪು ಯಂತ್ರ. ಅದರ ಹೆಸರು ಕಿವಿಗೆ ಬೀಳುತ್ತಲೇ ವೀರನ ಹುಬ್ಬು ಗಂಟಿಕ್ಕಿತು, ಮೀಸೆ ಕುಣಿಯಿತು, ಉಣ್ಣೆಯ ಟೋಪಿ ಒಂದಂಗುಲ ಮೇಲಕ್ಕೆದ್ದಿತು. ಅವನ ಪ್ರತಿಜ್ಞೆಯನ್ನು ಮೊದಲು ವೀರಗಾಥೆಯ ಭಾಷೆಯಲ್ಲಿ ಕೇಳಿರಿ: "ಎಲೈ ಮುಗ್ಧೆ! ಪ್ರಳಯಾಗ್ನಿಯನ್ನು ಉಕ್ಕಿನ ಉದರದಲ್ಲಿ ಬಂಧಿಸಿ ಮೂವತ್ತನಾಲ್ಕು ಸಂವತ್ಸರ ಆಳಿದ ಈ ಬಾಹುಗಳಿಗೆ ಒಂದು ಹಿಡಿ ಹಿಮವು ಯಾವ ಲೆಕ್ಕ? ಅಬಲೆಯೊಬ್ಬಳ ಯಂತ್ರದ ಹಂಗಿನಲ್ಲಿ ನನ್ನ ಹಾದಿ ತೆರೆಯುವುದಾದರೆ ನಾನು ಈ ಹೆಬ್ಬಾಗಿಲನ್ನು ಮತ್ತೆ ತುಳಿಯೆನು!" ಈಗ ಅವನು ನಿಜವಾಗಿ ಆಡಿದ್ದನ್ನು ಕೇಳಿರಿ.

"ಆ ಮುದುಕೀನ ಕರೀತೀಯಾ? ನನ್ನ ಮಾನ ಕಳೀಬೇಡ ಕಣೇ. ನೀನು ಹೋಗಿ ಸೀರೆ ಉಡು, ಅಷ್ಟೊತ್ತಿಗೆ ದಾರಿ ಬಿಟ್ಟಿರ್ತೀನಿ."

"ಪ್ಯಾಂಟ್ ಹಾಕ್ಕೊಂಡೇ ಹೋಗ್ತೀನ್ರೀ. ಒಂಬತ್ತೂಮುಕ್ಕಾಲಿಗೆ ಹೊರಟ್ರೆ ಸರಿ."

"ಒಂಬತ್ತೂಕಾಲಿಗೇ ಹೊರಡು, ಹೋಗು."

ಹೀಗೆಂದು ವೀರನು ಕವಚಧಾರಣೆಗೆ ತೊಡಗಿದನು. ಒಳಗೆ ಎರಡು ಉಣ್ಣೆಯ ಬನಿಯನ್ನು, ಅದರ ಮೇಲೆ ಸ್ವೆಟರು, ಅದರ ಮೇಲೆ ಕಾರ್ಖಾನೆಯವರು ವಿದಾಯಕ್ಕೆ ಕೊಟ್ಟ ಜಾಕೆಟ್ಟು, ಕಾಲಿಗೆ ಮೊಣಕಾಲುದ್ದದ ಬೂಟು. ಎಡಗಾಲಿನ ಬೂಟನ್ನು ಹಾಕಿದವಳು ಸರ್ವಮಂಗಳೆ. ಅವನಿಗೆ ಬಗ್ಗಲು ಆಗುತ್ತಿರಲಿಲ್ಲ. ಹೀಗೆ ಸನ್ನದ್ಧನಾಗಿ ಸಲಿಕೆಯೆಂಬ ದಿವ್ಯಾಯುಧವನ್ನು ಹೆಗಲ ಮೇಲಿಟ್ಟು, ಅಡಿಗಡಿಗೆ ಧರೆ ನಡುಗುವಂತೆ, ಅಂದರೆ ತಾನು ಜಾರದಂತೆ ಎಚ್ಚರವಾಗಿ, ಅವನು ರಣರಂಗಕ್ಕೆ ಇಳಿದನು.

ಮೊದಲನೆಯ ಸಲಿಕೆ! ದಿಕ್ಕುಗಳು ಕಂಪಿಸಿದವು. ಎರಡನೆಯ ಸಲಿಕೆ! ಒಂದು ಅಳಿಲು ಮರವೇರಿತು. ಮೂರನೆಯ ಸಲಿಕೆಗೆ ನಮ್ಮ ವೀರನ ಸೊಂಟವು ಕಟಕ್ಕೆಂದು ತನ್ನ ಇರವನ್ನು ಸಾರಿತು. ಲಾರಿ ತಳ್ಳಿದ ಹಿಮವು ಮೋಡದಿಂದ ಬಿದ್ದ ಹಿಮದಂತೆ ಹಗುರವಲ್ಲ. ಮರಳು, ಕಲ್ಲು, ಹೆಂಟೆ ಎಲ್ಲ ಕಲಸಿ ಒತ್ತಿದ ಗಾರೆಯಂಥದು. ಎಂಟೂವರೆಯ ಹೊತ್ತಿಗೆ ಒಂಬತ್ತು ಸಲಿಕೆಗಳಾಗಿದ್ದವು. ಸಲಿಕೆಯನ್ನು ದುರ್ಗದ ನೆತ್ತಿಯಲ್ಲಿ ನೆಟ್ಟು, ಅದಕ್ಕೇ ಒರಗಿ ನಿಂತು ಏದುಸಿರು ಬಿಡುತ್ತಿದ್ದ ವೀರನ ಚಿತ್ತದಲ್ಲಿ ಆಗ ಮಹಾಸ್ತ್ರದ ನೆನಪು ಮಿಂಚಿತು.

ಅವನು ಒಳಗೆ ಓಡಿದನು. ಓಡಿದನು ಎನ್ನುವುದು ನನ್ನ ವೃತ್ತಿಯ ಮಾತು. ಇಡ್ಲಿ ಬೇಯಿಸುವ ಪಾತ್ರೆ, ಹಬ್ಬಕ್ಕೆ ಪಾಯಸ ಮಾಡುವ ದೊಡ್ಡ ಡಬರಿ, ಕುಕ್ಕರು, ಎರಡು ಕೆಟಲ್ಲು ಎಲ್ಲವನ್ನೂ ಒಲೆಗಳ ಮೇಲೇರಿಸಿ, ಜ್ವಾಲಾಮಧ್ಯದಲ್ಲಿ ಮತ್ತೆ ಯಜಮಾನನಾಗಿ ನಿಂತನು. ಹನ್ನೊಂದು ವರ್ಷಗಳಲ್ಲಿ ಅವನ ಮುಖ ಅಷ್ಟು ಬೆಳಗಿದ್ದಿಲ್ಲ. ಸರ್ವಮಂಗಳೆ ಮಹಡಿಯ ಕೋಣೆಯಲ್ಲಿ ರಸ್ತೆಯ ಚಿಹ್ನೆಗಳ ಪುಸ್ತಕವನ್ನು ಕೊನೆಯ ಸಲ ತಿರುವುತ್ತಿದ್ದಳು, ಇದನ್ನು ನೋಡಲಿಲ್ಲ.

ಕುದಿಕುದಿವ ಉಷ್ಣೋದಕವನ್ನು ವೀರನು ಒಂದಾದಮೇಲೊಂದರಂತೆ ಹೊತ್ತು ತಂದು ದುರ್ಗದ ಮೇಲೆ ಸುರಿದನು. ಆಹಾ! ಬಿಳಿಯ ಆವಿಯು ಸುರುಳಿಸುರುಳಿಯಾಗಿ ಪೈನ್ ಮರಗಳ ತುದಿಯವರೆಗೆ ಎದ್ದಿತು; ಹಿಮವು ಚುರುಗುಟ್ಟುತ್ತ ತಗ್ಗಿತು, ಕುಸಿಯಿತು, ಸೋತಿತು! ಐದು ಪಾತ್ರೆಗಳ ಅಭಿಷೇಕ ಮುಗಿಸಿ, ಆವಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಹೆಂಗೆ!" ಎಂದನು. ಮನೆಯೊಳಗೆ ಹೋಗಿ ವಿಜಯೋತ್ಸವಕ್ಕೆ ಒಂದು ಲೋಟ ಕಾಫಿ ಕುಡಿದನು.

ಕಾಫಿ ಮುಗಿಯುವಷ್ಟರಲ್ಲಿ ಐದು ಪಾತ್ರೆ ನೀರೂ ಹಿಮದ ಸಂದುಗೊಂದುಗಳಿಗೆ ಇಳಿದು, ಇಪ್ಪತ್ತಾರು ಮೆಟ್ಟಿಲ ಕೆಳಗಿನ ಚಳಿಗೆ ಕಲ್ಲಾಗಿತ್ತು. ಗಾರೆಯಂತಿದ್ದುದು ಈಗ ಹೊಳೆಯುವ, ಪಾರದರ್ಶಕವಾದ, ಏಕಶಿಲಾದುರ್ಗ. ನೆತ್ತಿಯಲ್ಲಿ ನೆಟ್ಟಿದ್ದ ಸಲಿಕೆ ಶತ್ರುವಿನ ಧ್ವಜಸ್ತಂಭವಾಗಿ ಸೆಟೆದು ನಿಂತಿತ್ತು. ವೀರನು ಎರಡೂ ಕೈಗಳಿಂದ ಹಿಡಿದು ಎಳೆದನು; ಹಿಡಿ ಕಿತ್ತುಬಂತು, ಸಲಿಕೆ ಬರಲಿಲ್ಲ.

ಒಂಬತ್ತೂವರೆಗೆ ಪ್ಯಾಂಟು, ಜಾಕೆಟ್ಟು, ಹಣೆಯಲ್ಲಿ ವಿಭೂತಿ ಧರಿಸಿ ಸರ್ವಮಂಗಳೆ ಕಾರಿನ ಕೀಲಿ ಹಿಡಿದು ಹೊರಬಂದಳು. ನೋಡಿದಳು.

"ನೀರು ಹಾಕಿದ್ರಾ?"

"ಬಿಸಿನೀರು," ಎಂದನು ವೀರನು.

ಆಕೆ ಫೋನ್ ಮಾಡಿದಳು. ಐದು ನಿಮಿಷದಲ್ಲಿ ಹೆಲ್ಮಿ ಕೆಂಪು ಯಂತ್ರವನ್ನು ತಳ್ಳುತ್ತ ಬಂದಳು. ಯಂತ್ರವು ದುರ್ಗವನ್ನು ಒಮ್ಮೆ ಕಚ್ಚಿ, ಕರಕರ ಹಲ್ಲುಕಡಿದು, ಹಿಂದಕ್ಕೆ ಜಿಗಿಯಿತು. ಹೆಲ್ಮಿ ಅದನ್ನು ಆರಿಸಿ, ಬೂಟಿನ ತುದಿಯಿಂದ ಗೋಡೆಯನ್ನು ತಟ್ಟಿ, ಅದರೊಳಗಿದ್ದ ಸಲಿಕೆಯನ್ನೂ ಪಂಚಾಕ್ಷರಯ್ಯನನ್ನೂ ಒಂದೊಂದು ಸಲ ನೋಡಿದಳು. "ಇದು ಹಿಮ ಅಲ್ಲ," ಎಂದಳು ಇಂಗ್ಲಿಷಿನಲ್ಲಿ. ಆ ದಿನದ ಹತ್ತರಲ್ಲಿ ಮೂರು ಮಾತು ಅಲ್ಲಿಗೆ ಖರ್ಚಾದವು.

ಆಗ ವೀರನು ಕಂಠವನ್ನು ಸರಿಪಡಿಸಿಕೊಂಡು, ಕಾಲಮಹಿಮೆಯನ್ನೂ ವಿಧಿಯ ವೈಪರೀತ್ಯವನ್ನೂ ಕುರಿತು ಗಂಭೀರವಾಗಿ ನುಡಿದನು. "ಆಗಿದ್ದಾಯ್ತು ಬಿಡು. ಮಾರ್ಚಿಗೆ ಹೋದ್ರಾಯ್ತು. ಈ ಚಳೀಲಿ ಪರೀಕ್ಷೆ ಬೇರೆ ಕೇಡು. ಅರ್ಜೆಂಟೇನೈತೆ?"

ನಾನು ಸರ್ವಜ್ಞನಾದ ಗಾಯಕ. ವೀರನ ಎದೆಯೊಳಗೆ ಇಣುಕುವ ಅಧಿಕಾರ ನನಗುಂಟು. ಅವನು ಬೇಕೆಂದು ನೀರು ಹಾಕಿದವನಲ್ಲ, ಇದನ್ನು ಆಣೆಯಿಟ್ಟು ಹೇಳುತ್ತೇನೆ. ಆದರೆ ಮಾರ್ಚ್ ಎಂಬ ಮಾತು ಬಾಯಿಗೆ ಬಂದಾಗ ಆ ಎದೆಯೊಳಗೆ ಒಮ್ಮೆ ಹಾಯೆನಿಸಿತಲ್ಲ, ಅದನ್ನೂ ನಾನು ಕಂಡೆ. ಕಂಡವಳು ಇನ್ನೊಬ್ಬಳೂ ಇದ್ದಳು.

"ಮಾರ್ಚಾ?" ಎಂದಳು ಸರ್ವಮಂಗಳೆ. ದನಿ ಏರಿಸಲಿಲ್ಲ. "ನಲವತ್ತಾರು ವರ್ಷ ನೀವು ಕರ್ಕೊಂಡೋದಾಗ ಹೋದೆ, ಬಾ ಅಂದಾಗ ಬಂದೆ. ಊರಲ್ಲಿ ನಮ್ಮಕ್ಕ ಆಸ್ಪತ್ರೆಲಿ ಫೋನಿನ ಮೇಲೆ ಫೋನ್ ಮಾಡಿಸ್ತಾ ಇದ್ದಾಗ್ಲೂ ನಿಮ್ಮ ಡ್ಯೂಟಿ ಮುಗೀಲಿ ಅಂತ ಚೀಲ ಹಿಡ್ಕೊಂಡು ಬಾಗ್ಲಲ್ಲಿ ಕೂತಿದ್ದೆ. ಏರ್‌ಪೋರ್ಟ್ ಮುಟ್ಟೋ ಹೊತ್ಗೆ ವಿಮಾನ ಹೋಗಿತ್ತು. ನೆನಪೈತಾ? ನಂಗೈತೆ. ಇನ್ನೊಂದು ತಿಂಗಳೂ ಕಾಯಲ್ಲ ನಾನು."

ಹೀಗೆಂದು ಆ ಸಪ್ತತಿವರ್ಷೀಯೆ ದುರ್ಗದ ಬಳಿಗೆ ನಡೆದಳು. ಸೈನ್ಯಗಳನ್ನು ತಡೆಯಬಲ್ಲುದೆಂದು ನಾನು ಇಷ್ಟು ಹೊತ್ತು ಬಣ್ಣಿಸಿದ ಆ ಮಹಾದುರ್ಗದ ಮೇಲೆ, ಜಗಲಿಯ ಮೇಲೆ ಕೂರುವಂತೆ ಕುಳಿತಳು. ಕಾಲುಗಳನ್ನು ಆಚೆಗೆ ತಿರುಗಿಸಿದಳು. ಗಾಜಿನಂತಿದ್ದ ಅದರ ಮೇಲೆ ಸುಯ್ಯೆಂದು ಜಾರಿ ಹೆದ್ದಾರಿಯಲ್ಲಿ ನಿಂತಳು. ಆ ಗೋಡೆ ಮೊಣಕಾಲೆತ್ತರವಿತ್ತು. ಎತ್ತರವನ್ನು ಮೊದಲೇ ಹೇಳದಿದ್ದುದಕ್ಕೆ ಕ್ಷಮಿಸಬೇಕು.

"ಹೆಲ್ಮಿ, ನಿನ್ನ ಟ್ರಕ್ಕು ಕೊಡು," ಎಂದಳು.

"ಅದನ್ನ ನೀನು ಓಡ್ಸೇ ಇಲ್ಲ," ಎಂದಳು ಹೆಲ್ಮಿ.

"ದಾರೀಲಿ ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತ್ಕೊ."

ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯುಳ್ಳ, ಕಾರಿನ ಒಂದೂವರೆಯಷ್ಟು ಉದ್ದದ ಆ ಟ್ರಕ್ಕು ಒಂದು ಸಲ ಮುಗ್ಗರಿಸಿ, ಒಂದು ಸಲ ಕೂಗಿ, ದಕ್ಷಿಣಾಭಿಮುಖವಾಗಿ ಹೊರಟಿತು. ಪಂಚಾಕ್ಷರಯ್ಯನು ಮುರಿದ ಹಿಡಿಯನ್ನು ಕೈಯಲ್ಲಿ ಹಿಡಿದು ದುರ್ಗದ ಈಚೆಗೆ ನಿಂತೇ ಇದ್ದನು.

ಮಧ್ಯಾಹ್ನ ಎರಡಕ್ಕೆ ಟ್ರಕ್ಕು ಹಿಂತಿರುಗಿತು. ಸರ್ವಮಂಗಳೆ ಗೆದ್ದಿದ್ದಳು. ಎರಡು ಕಂಬಗಳ ನಡುವೆ ಆ ಟ್ರಕ್ಕನ್ನು ಹಿಂದಕ್ಕೆ ತಂದು ನಿಲ್ಲಿಸುವಾಗ ಪರೀಕ್ಷಕ ಕಣ್ಣು ಮುಚ್ಚಿಕೊಂಡಿದ್ದನಂತೆ, ಬಿಟ್ಟು ನೋಡಿದರೆ ಕಂಬಗಳೆರಡೂ ನಿಂತಿದ್ದವಂತೆ. ಬಂದವಳೇ ಹೆಲ್ಮಿಯ ಜೊತೆ ಸೇರಿ, ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರ ಕಬ್ಬಿಣದ ಹಾರೆಯಿಂದ ದುರ್ಗವನ್ನು ಒಡೆದಳು. ಇಪ್ಪತ್ತು ನಿಮಿಷ ಹಿಡಿಯಿತು. ವೀರನು ತುಂಡುಗಳನ್ನು ಕಾಲಿನಿಂದ ಬದಿಗೆ ಸರಿಸುವ ಗುರುತರ ಹೊಣೆ ಹೊತ್ತನು.

ಶನಿವಾರ ಮೊಸರು ತರಲು ಹೋಗಬೇಕಾಗಿತ್ತು. ವೀರನು ಜಾಕೆಟ್ಟು ತೊಟ್ಟು, ಟೋಪಿ ಇಟ್ಟು, ಕಾರಿನ ಎಡಬಾಗಿಲನ್ನು ತೆರೆದನು. ಆ ಸೀಟಿನಲ್ಲಿ ಸರ್ವಮಂಗಳೆ ಕುಳಿತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು.

"ಬರ್ತೀರೋ, ಇಲ್ಲೇ ಇರ್ತೀರೋ?" ಎಂದು ಕೇಳಿದಳು.

ಬಾಷ್ಪಬಲಭುಜಬಂಧುರನೂ ಕೊಳವೆಕುಲಕಂಠೀರವನೂ ಆದ ಪಂಚಾಕ್ಷರಯ್ಯನು ಬಾಗಿಲನ್ನು ಮೆಲ್ಲಗೆ ಮುಚ್ಚಿದನು. ರಥಕ್ಕೆ ಅರ್ಧ ಪ್ರದಕ್ಷಿಣೆ ಹಾಕಿದನು. ಬಲಸೀಟಿನಲ್ಲಿ ಕುಳಿತು ಬೆಲ್ಟಿನ ತುದಿಯನ್ನು ಹುಡುಕಿದನು. ಆ ಬದಿಯಲ್ಲಿ ಅದು ಎಲ್ಲಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸರ್ವಮಂಗಳೆ ಕೈಚಾಚಿ ಎಳೆದು ಹಾಕಿದಳು. ಆಮೇಲೆ ತನ್ನ ಕೈಚೀಲವನ್ನು ಅವನ ಮಡಿಲಲ್ಲಿಟ್ಟು, "ಹಿಡ್ಕೊಂಡಿರಿ," ಎಂದು ಕಾರು ಹೊರಡಿಸಿದಳು.